ಜೈಲಿನಲ್ಲಿರುವ ಮನೆಯವರೊಡನೆ ಸಂಪರ್ಕ ಉಳಿಸಿಕೊಳ್ಳುವ ಬಗೆ

ಮನೆಯವರೊಬ್ಬರು ಮೈಸೂರಿನ ಕೇಂದ್ರ ಕಾರಾಗೃಹದಲ್ಲಿದ್ದರೆ, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಗೇಟಿನಿಂದಲೇ ಮರಳುವಂತಾಗಬಾರದು. ಆದ್ದರಿಂದ ಭೇಟಿಯ ದಿನ, ಸಮಯಗಳನ್ನು ಮೊದಲೇ ವಿಚಾರಿಸಿಕೊಂಡು, ಮೂಲ ಆಧಾರ್ ಕಾರ್ಡನ್ನೂ ಕೈದಿಯ ಹೆಸರು, ತಂದೆಯ ಹೆಸರು, ಸಂಖ್ಯೆಗಳನ್ನು ಬರೆದ ಚೀಟಿಯನ್ನೂ ಹಿಂದಿನ ರಾತ್ರಿಯೇ ಚೀಲದಲ್ಲಿಡಿ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಗೆ ಗುಡ್ಡ ಕುಸಿದು ದಾರಿ ಕಟ್ಟಿದರೆ, ಇ-ಪ್ರಿಸನ್ಸ್ ಜಾಲತಾಣದ ಇ-ಮುಲಾಖಾತ್ ಮೂಲಕ ವಿಡಿಯೊ ಭೇಟಿಗೆ ಅರ್ಜಿ ಹಾಕಬಹುದು.

ಆದರೂ ಕಾಗದಕ್ಕೆ ಸಾಟಿಯಿಲ್ಲವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅದನ್ನು ರಾತ್ರಿ ಮತ್ತೆ ಬಿಚ್ಚಿ ಓದಬಹುದು. ಅಧಿಕಾರಿಗಳು ಪರಿಶೀಲಿಸಿಯೇ ಕೊಡುವುದರಿಂದ ಮೊಕದ್ದಮೆಯ ವಿಚಾರವನ್ನು ಬಿಟ್ಟು, ತೋಟದಲ್ಲಿ ಕಾಫಿ ಹೂ ಬಿಟ್ಟದ್ದನ್ನೋ ಹಸು ಕರು ಹಾಕಿದ್ದನ್ನೋ ಬರೆಯಿರಿ. ವಕೀಲರಿಗೆ ಹಣವಿಲ್ಲದಿದ್ದರೆ, ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವು ದೊರೆಯುತ್ತದೆ, ಸಹಾಯವಾಣಿ 15100.