ಚಾಯ್ಸ್-2 ಒತ್ತುವ ಮೊದಲು: ಸಿಇಟಿ ಎರಡನೇ ಸುತ್ತಿಗೆ ಕಾಯುವ ಮನೆಯವರ ಲೆಕ್ಕ

ಸಿಇಟಿಯಲ್ಲಿ ವೇಟಿಂಗ್ ಲಿಸ್ಟ್ ಅಂತ ಒಂದು ಪಟ್ಟಿ ಇಲ್ಲ. ರೈಲಿನ ಟಿಕೆಟ್ಟಿನ ಹಾಗೆ ನಿಮ್ಮ ಮುಂದೆ ಇನ್ನೆಷ್ಟು ಜನ ಇದ್ದಾರೆ ಎಂದು ಯಾರೂ ಹೇಳುವುದಿಲ್ಲ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಕೈಯಲ್ಲಿಟ್ಟುಕೊಂಡು, ಇಷ್ಟದ ಕ್ರಮದಲ್ಲಿ ಕಾಲೇಜು, ಕೋರ್ಸು ಬರೆದುಕೊಟ್ಟ ಆಪ್ಷನ್ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದು ಖಾಲಿಯಾದೀತೇ ಎಂದು ನೋಡುತ್ತಾ ಕೂರುವುದೇ ಇಲ್ಲಿಯ ಕಾಯುವಿಕೆ. ಎಂಜಿನಿಯರಿಂಗ್ ಸೀಟಿಗಾಗಿ ಈ ಕೆಲಸ ನಮ್ಮ ಮನೆಯಲ್ಲಿ ಎರಡು ಸಲ ಆಗಿದೆ. ಸಿಕ್ಕ ಸೀಟನ್ನು ಏನು ಮಾಡುತ್ತೇವೆಂದು ತಿಳಿಸುವ, ಅಂದರೆ ಚಾಯ್ಸ್ ಕೊಡುವ ದಿನ ಮನೆಯಲ್ಲಿ ಎಷ್ಟು ಚರ್ಚೆ ನಡೆದರೂ ಆಗುವುದು ಕಡಿಮೆ. ಆಪ್ಷನ್ ಪಟ್ಟಿಯ ಕ್ರಮದಲ್ಲೇ ಬಹುಪಾಲು ತೀರ್ಮಾನ ಆಗಿಹೋಗಿರುತ್ತದೆ. ಆದ್ದರಿಂದ ಜಗಳವಾಡುವುದಿದ್ದರೆ ಪಟ್ಟಿ ಮಾಡುವಾಗಲೇ ಆಡಿ ಮುಗಿಸಬೇಕು.

ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ತಂತ್ರಾಂಶ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಆ ರ‍್ಯಾಂಕಿಗೆ, ಆ ಮೀಸಲಾತಿಗೆ ಮೊದಲು ಖಾಲಿ ಕಂಡ ಸೀಟು ಕೊಟ್ಟು ನಿಲ್ಲುತ್ತದೆ. ಅದರ ಕೆಳಗಿನ ಸಾಲುಗಳನ್ನು ನೋಡುವುದೇ ಇಲ್ಲ. ಹಾಗಾಗಿ ಸಿಗಲಾರದ ಕಾಲೇಜನ್ನು ಪಟ್ಟಿಯ ತಲೆಯಲ್ಲಿ ಬರೆದರೆ ನಷ್ಟವೇನಿಲ್ಲ, ಅದು ಸಿಗದಿದ್ದರೆ ಮುಂದಿನದಕ್ಕೆ ಹೋಗುತ್ತದೆ ಅಷ್ಟೆ. ಅನಾಹುತ ಆಗುವುದು ‘ಇದು ಗ್ಯಾರಂಟಿ ಸಿಗುತ್ತದೆ’ ಎಂದು ಸುಲಭದ ಕಾಲೇಜನ್ನು ಇಷ್ಟದ ಕಾಲೇಜಿಗಿಂತ ಮೇಲೆ ಬರೆದಾಗ. ಗ್ಯಾರಂಟಿಯದ್ದೇ ಸಿಗುತ್ತದೆ, ಇಷ್ಟದ್ದನ್ನು ಯಾರೂ ತೆರೆದು ನೋಡುವುದಿಲ್ಲ.

ಪಟ್ಟಿಯಲ್ಲಿ 60 ಸಾಲು ಇವೆ, ಮೊದಲ ಸುತ್ತಿನಲ್ಲಿ 17ನೆಯದು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಆ ಹೊತ್ತಿಗೆ 18ರಿಂದ 60ರವರೆಗಿನದು ಸತ್ತ ಸಾಲು. ಜೀವ ಇರುವುದು 1ರಿಂದ 16ಕ್ಕೆ ಮಾತ್ರ. ಚಾಯ್ಸ್-2 ಎಂದರೆ ‘17 ನನಗೆ ಒಪ್ಪಿಗೆ, ಆದರೆ ಈ 16ರಲ್ಲಿ ಯಾವುದು ಸಿಕ್ಕರೂ 17ನ್ನು ಬಿಡುತ್ತೇನೆ’ ಎಂದು ಬರೆದುಕೊಟ್ಟ ಹಾಗೆ. ಮೇಲಿನದೊಂದು ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ, ವಾಪಸ್ ಕೇಳಿದರೆ ಬರುವುದಿಲ್ಲ. ಅದಕ್ಕೇ ನಾವು ಚಾಯ್ಸ್-2 ಕೊಟ್ಟ ಮೇಲೆ, ಎರಡನೇ ಸುತ್ತಿಗೆ ಆಪ್ಷನ್ ತಿದ್ದಲು ಬಿಟ್ಟ ದಿನ, ಆ 16 ಸಾಲನ್ನು ಜೋರಾಗಿ ಓದುತ್ತಾ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕುತ್ತಿದ್ದೆವು: ನಾಳೆ ಇದು ಸಿಕ್ಕರೆ 17ನ್ನು ಖುಷಿಯಿಂದ ಬಿಡುತ್ತೇವೆಯೇ? ಯಾರಾದರೂ ತಡವರಿಸಿದರೆ ಆ ಸಾಲು ಅಳಿಸುವುದು. ಜೂನ್‌ನಲ್ಲಿ ದೊಡ್ಡದಾಗಿ ಕಂಡ ದೂರದ ಕಾಲೇಜು, ಹಾಸ್ಟೆಲ್ ಲೆಕ್ಕ ಹಾಕಿದ ಮೇಲೆ ಸಣ್ಣದಾಗಿರುತ್ತದೆ. ಎರಡನೇ ಸುತ್ತಿಗೆ ಅಳಿಸಲು, ಕ್ರಮ ಬದಲಿಸಲು ಬಿಡುತ್ತಾರೆ. ಹೊಸದು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಮೊದಲ ಪಟ್ಟಿ ಉದ್ದವಾಗಿರಲಿ.

ಉಳಿದ ಚಾಯ್ಸ್‌ಗಳು ಸರಳ. ಚಾಯ್ಸ್-1 ಎಂದರೆ ಸೀಟು ಒಪ್ಪಿ, ಶುಲ್ಕ ಕಟ್ಟಿ, ಪ್ರವೇಶ ಪತ್ರ ಇಳಿಸಿಕೊಂಡು ಕಾಲೇಜಿಗೆ ಹೋಗುವುದು, ಮುಂದಿನ ಸುತ್ತು ಇಲ್ಲ. ಚಾಯ್ಸ್-3 ಎಂದರೆ ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು. ಚಾಯ್ಸ್-4 ಎಂದರೆ ಪ್ರಕ್ರಿಯೆಯಿಂದಲೇ ಹೊರಗೆ. ಯಾವ ಸುತ್ತಿನಲ್ಲಿ ಯಾವ ಚಾಯ್ಸ್ ಇರುತ್ತದೆ, ಚಾಯ್ಸ್-2ಕ್ಕೆ ಶುಲ್ಕ ಈಗಲೇ ಕಟ್ಟಬೇಕೇ ಎಂಬ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷ ಸೀಟು ಪಡೆದ ಪಕ್ಕದ ಮನೆ ಹುಡುಗನ ಮಾತಿಗಿಂತ ಈ ವರ್ಷದ ಕೆಇಎ ಸೂಚನೆ ಮೇಲು. ಅದನ್ನು ಮುದ್ರಿಸಿ ಪೆನ್ನಿನಲ್ಲಿ ಗೆರೆ ಎಳೆದು ಓದಿ. ಚಾಯ್ಸ್-3ರ ಬಗ್ಗೆ ನನ್ನ ಅಭಿಪ್ರಾಯ ಕಟು: ಕೈಯಲ್ಲಿ ಬೇರೆ ಸೀಟು ಇಲ್ಲದವರು ಅದನ್ನು ಮುಟ್ಟಬಾರದು. ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಯಲ್ಲಿ ಬರೆಯದಿದ್ದರೆ ಆ ಚಾಯ್ಸ್ ಬೇಕಾಗುವುದೂ ಇಲ್ಲ.

ಮೇಲಿನ ಸೀಟು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಕಟಾಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಪಟ್ಟಿಯಲ್ಲಿ ನೋಡಬೇಕು, ಆದರೆ ಓದುವ ರೀತಿ ಗೊತ್ತಿರಬೇಕು. ಸುತ್ತುವಾರು ಕಟಾಫ್ ಕೆಇಎ ಜಾಲತಾಣದಲ್ಲೇ ಇರುತ್ತದೆ. ಸಾಲಿನಲ್ಲಿ ಕೋರ್ಸು, ಅಡ್ಡಕ್ಕೆ 1ಜಿ, 2ಎಜಿ, 3ಬಿಜಿ, ಜಿಎಂ, ಜಿಎಂಕೆ, ಜಿಎಂಆರ್ ಹೀಗೆ ಕಲಂಗಳು. 1, 2ಎ, 3ಬಿ ಮೀಸಲಾತಿ ವರ್ಗಗಳು, ಜಿಎಂ ಎಂದರೆ ಸಾಮಾನ್ಯ ಮೆರಿಟ್. ಕೊನೆಯ ‘ಕೆ’ ಕನ್ನಡ ಮಾಧ್ಯಮದ್ದು, ‘ಆರ್’ ಗ್ರಾಮೀಣದ್ದು. ಬಹಳ ಜನ ಜಿಎಂ ಕಲಂ ಮಾತ್ರ ನೋಡಿ ಎದೆಗುಂದುತ್ತಾರೆ. 1ರಿಂದ 10ರವರೆಗೆ ಹಳ್ಳಿಯಲ್ಲೋ ಕನ್ನಡ ಮಾಧ್ಯಮದಲ್ಲೋ ಓದಿದ ಮಗುವಿಗೆ ನೋಡಬೇಕಾದ ಕಲಂ ಬೇರೆಯೇ. ನಾವು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ಆಪ್ಷನ್ ಎದುರು ಎರಡು ವರ್ಷಗಳ ಮೊದಲ ಸುತ್ತಿನ ಮತ್ತು ಕೊನೆಯ ಸುತ್ತಿನ ಅಂಕಿ ಬರೆದೆವು. ಮೊದಲ ಸುತ್ತು 14,200ಕ್ಕೆ ನಿಂತು ಕೊನೆಯ ಸುತ್ತು 15,100ಕ್ಕೆ ನಿಂತಿದ್ದು, ಮಗುವಿನ ರ‍್ಯಾಂಕ್ 14,700 ಇದ್ದರೆ ಕಾಯುವುದಕ್ಕೆ ಅರ್ಥವಿದೆ. ರ‍್ಯಾಂಕ್ 19,000 ಇದ್ದರೆ ಆ ಸಾಲು ಪಟ್ಟಿಯಲ್ಲಿರಲಿ, ಮನಸ್ಸಿನಲ್ಲಿ ಬೇಡ.

ಸೀಟು ಯಾಕೆ ಖಾಲಿಯಾಗುತ್ತದೆ ಎಂದು ತಿಳಿದರೆ ಆ ಅಂತರವೂ ಅರ್ಥವಾಗುತ್ತದೆ. ಕೇಂದ್ರದ ಸೀಟು ಹಂಚಿಕೆಯಾದ ಜೋಸಾದಲ್ಲಿ ಐಐಟಿ, ಎನ್‌ಐಟಿ ಸಿಕ್ಕವರು, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಯಲ್ಲಿ ಇಷ್ಟದ ಬ್ರ್ಯಾಂಚ್ ಸಿಕ್ಕವರು, ವೈದ್ಯಕೀಯಕ್ಕೆ ಹೋದವರು ಬಿಟ್ಟ ಸೀಟುಗಳೇ ಮುಂದಿನ ಸುತ್ತಿಗೆ ಬರುವುದು. ಆರ್‌ವಿ, ಯುವಿಸಿಇಯಂಥ ಬೇಡಿಕೆಯ ಬೆಂಗಳೂರು ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಬಿಡುವವರು ಬಿಟ್ಟರೂ ಹಿಂದೆ ಕಾದವರ ಸಾಲು ದಟ್ಟವಾಗಿರುತ್ತದೆ, ಕಟಾಫ್ ಹೆಚ್ಚು ಜರುಗುವುದಿಲ್ಲ. ಸಿವಿಲ್, ಮೆಕ್ಯಾನಿಕಲ್‌ನಲ್ಲಿ ಧಾರಾಳವಾಗಿ ಜರುಗುತ್ತದೆ. ಇನ್ನೊಂದು ಎಚ್ಚರಿಕೆ: 2024-25ರಿಂದ ತಾಂತ್ರಿಕ ಶಿಕ್ಷಣ ನಿಯಂತ್ರಿಸುವ ಎಐಸಿಟಿಇಯು ಸೀಟುಗಳ ಗರಿಷ್ಠ ಮಿತಿ ತೆಗೆದ ಮೇಲೆ ಹಲವು ಕಾಲೇಜುಗಳು ಕಂಪ್ಯೂಟರ್ ಸಂಬಂಧಿ ಬ್ರ್ಯಾಂಚ್ ಹಿಗ್ಗಿಸಿದವು. ಅದಕ್ಕಿಂತ ಹಳೆಯ ಕಟಾಫ್ ಇಟ್ಟುಕೊಂಡು ಲೆಕ್ಕ ಹಾಕಿದರೆ ತಪ್ಪುತ್ತದೆ. ಸೀಟು ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಯಿರಿ.

ಮೊದಲ ಸುತ್ತಿಗೂ ಮುನ್ನ ನಡೆಯುವ ತಾಲೀಮು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ನೋಡಿ ಕುಣಿಯುವುದೂ ಬೇಡ, ಅಳುವುದೂ ಬೇಡ. ಅದನ್ನು ನೋಡಿ ಸಾವಿರಾರು ಜನ ಪಟ್ಟಿ ತಿದ್ದುತ್ತಾರೆ, ನಿಜವಾದ ಸುತ್ತಿನಲ್ಲಿ ಚಿತ್ರವೇ ಬೇರೆ. ಅದರ ಉಪಯೋಗ ಒಂದೇ: ಮೀಸಲಾತಿ ಸರಿಯಾಗಿ ದಾಖಲಾಗಿದೆಯೇ, ಕೋರ್ಸಿನ ಕೋಡ್ ತಪ್ಪಿಲ್ಲವೇ ಎಂದು ಪರೀಕ್ಷಿಸುವುದು. ಹೆಸರು ಹೋಲುವ ಎರಡು ಕಾಲೇಜುಗಳ ಕೋಡ್ ಅದಲುಬದಲಾಗುವುದು ನಾವು ಅಂದುಕೊಂಡಷ್ಟು ಅಪರೂಪವಲ್ಲ. ಆರ್‌ವಿಯ ಕೋಡ್ ಇ005, ಯುವಿಸಿಇಯದ್ದು ಇ001. ಒಂದಂಕಿ ತಪ್ಪಿದರೂ ಕಾಲೇಜೇ ಬೇರೆ. ಒಬ್ಬರು ಪರದೆ ಮೇಲಿನದನ್ನು ಓದಬೇಕು, ಇನ್ನೊಬ್ಬರು ಕೈಬರಹದ ಪಟ್ಟಿಗೆ ಟಿಕ್ ಹಾಕಬೇಕು. ಪಕ್ಕದಲ್ಲೇ ಕಾಣುವ ಶುಲ್ಕವನ್ನೂ ಓದಿ. ಒಂದೇ ಕ್ಯಾಂಪಸ್ಸಿನಲ್ಲಿ ಅನುದಾನಿತ ಸೀಟಿಗೂ ಅನುದಾನರಹಿತ ಸೀಟಿಗೂ ಶುಲ್ಕ ಬೇರೆ. ಖಾಸಗಿ ವಿಶ್ವವಿದ್ಯಾಲಯಗಳ ಸರ್ಕಾರಿ ಕೋಟಾ ಸೀಟು ಇನ್ನೂ ದುಬಾರಿ.

ಮನೆಯಲ್ಲಿ ಕೆಲಸ ಹಂಚಿಕೊಳ್ಳುವುದು ಮುಖ್ಯ. ಲಾಗಿನ್ ಮತ್ತು ಒಟಿಪಿ ಮಗುವಿನ ಕೈಯಲ್ಲಿ, ಹಣ ಅಪ್ಪ ಅಮ್ಮನಲ್ಲಿ ಒಬ್ಬರ ಕೈಯಲ್ಲಿ, ದಾಖಲೆಯ ಫೈಲು ಇನ್ನೊಬ್ಬರ ಕೈಯಲ್ಲಿ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿ, ಅಂಗಡಿಯವನ ಮೊಬೈಲ್ ನಂಬರನ್ನೇ ಕೊಟ್ಟು ಬರುವವರು ಬಹಳ. ಚಾಯ್ಸ್ ದಾಖಲಿಸುವಾಗ ಒಟಿಪಿ ಹೋಗುವುದು ಆ ನಂಬರಿಗೆ. ಅಂಗಡಿಗೆ ರಜೆ ಇದ್ದರೆ ಅವತ್ತಿನ ಕಥೆ ಮುಗಿಯಿತು. ಪಾಸ್‌ವರ್ಡನ್ನು ಯಾವ ‘ಕನ್ಸಲ್ಟೆಂಟ್’ಗೂ ಕೊಡಬೇಡಿ. 2024ರಲ್ಲಿ ಸೀಟು ಬ್ಲಾಕಿಂಗ್ ದಂಧೆ ಬಯಲಾಗಿ ಪೊಲೀಸ್ ಕೇಸ್ ಆದಾಗ ಹೊರಬಂದದ್ದು ಬೇರೆಯವರ ಲಾಗಿನ್ ಬಳಸಿ ಸೀಟು ಹಿಡಿದಿಟ್ಟ ಸಂಗತಿಯೇ.

ಹಣದ ವಿಷಯದಲ್ಲಿ ಎಡವುವುದು ಕೊನೆಯ ಸಂಜೆ. ನೆಟ್ ಬ್ಯಾಂಕಿಂಗ್ ಮಿತಿಯನ್ನು ವಾರ ಮೊದಲೇ ಏರಿಸಿಡಿ. ಯುಪಿಐನ ದಿನದ ಮಿತಿಯನ್ನು ನಂಬಿಕೊಂಡರೆ ಶುಲ್ಕ ಅದನ್ನು ದಾಟಿರಬಹುದು. ಹಣ ಕಡಿತವಾಗಿ ಪೋರ್ಟಲ್‌ನಲ್ಲಿ ಕಾಣದಿದ್ದರೆ ಗಾಬರಿಯಲ್ಲಿ ತಕ್ಷಣ ಎರಡನೇ ಸಲ ಕಟ್ಟಬೇಡಿ. ವಹಿವಾಟಿನ ಸಂಖ್ಯೆ ಬರೆದುಕೊಂಡು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಲಾಗಿನ್ ಆಗಿ ನೋಡಿ. ಹೀಗೆ ಕಾಯಲು ಸಮಯ ಬೇಕೆಂದೇ ನಾವು ಕೊನೆಯ ದಿನಕ್ಕೆ ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಎರಡನೇ ಸುತ್ತಿನಲ್ಲಿ ದುಬಾರಿ ಸೀಟು ಸಿಕ್ಕರೆ ಕಟ್ಟಬೇಕಾದದ್ದು ವ್ಯತ್ಯಾಸದ ಹಣ, ಅದೂ ತಯಾರಿರಲಿ.

ಕಾಯುವ ಅವಧಿಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿನವರ ಫೋನ್ ತಪ್ಪದು. ‘ಇವತ್ತೇ ಅಡ್ವಾನ್ಸ್ ಕೊಡಿ ಸಾರ್, ಟಿಸಿ ಮಾರ್ಕ್ಸ್ ಕಾರ್ಡ್ ಇಲ್ಲೇ ಇರಲಿ’ ಎನ್ನುತ್ತಾರೆ. ಮೂಲ ದಾಖಲೆ ಮಾತ್ರ ಬಿಟ್ಟು ಬರಬೇಡಿ. ಮೂಲ ಪ್ರಮಾಣಪತ್ರ ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ, ಎಐಸಿಟಿಇ ಎರಡೂ ಹೇಳಿವೆ. ಆದರೂ ಎರಡನೇ ಸುತ್ತಿನಲ್ಲಿ ಒಳ್ಳೆಯ ಸೀಟು ಸಿಕ್ಕ ದಿನ ಫೈಲು ಅವರ ಬೀರುವಿನಲ್ಲಿದ್ದರೆ ನಿಯಮ ಓದಿ ಹೇಳುತ್ತಾ ನಿಲ್ಲಲು ಪುರುಸೊತ್ತು ಇರುವುದಿಲ್ಲ. ಆರ್‌ಡಿ ಸಂಖ್ಯೆ (ಕಂದಾಯ ಇಲಾಖೆ ಕೊಡುವ ಕ್ರಮಸಂಖ್ಯೆ) ಇರುವ ಜಾತಿ, ಆದಾಯ ಪ್ರಮಾಣಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಎಲ್ಲದರ ಮೂರು ಸೆಟ್ ನಕಲು ಮಾಡಿಡಿ.

ಹಾಸ್ಟೆಲ್ ಬಗ್ಗೆ ಎಲ್ಲರೂ ತಡವಾಗಿ ಯೋಚಿಸುತ್ತಾರೆ. ಮೊದಲ ಸುತ್ತಿನವರೇ ಕಾಲೇಜು ಹಾಸ್ಟೆಲ್ ತುಂಬಿಸಿಬಿಡುತ್ತಾರೆ. ಮೇಲಿನ ಐದಾರು ಆಪ್ಷನ್‌ಗಳ ಸುತ್ತ ಪಿಜಿ ಬಾಡಿಗೆ ವಿಚಾರಿಸಿ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಬೇಕಿದ್ದರೆ ಅದರ ಅರ್ಜಿ ದಿನಾಂಕವನ್ನೂ ಬರೆಯಿರಿ.

ಸೀಟು ಖಾತ್ರಿಯಾಗಿ ಪ್ರವೇಶ ಪತ್ರ ಕೈಗೆ ಬಂದರೂ ಕೆಲಸ ಒಂದು ಬಾಕಿ. ಅದರಲ್ಲಿ ಬರೆದ ಕೊನೆಯ ದಿನಾಂಕದೊಳಗೆ ಕಾಲೇಜಿಗೆ ಹೋಗಿ ವರದಿ ಮಾಡಿಕೊಳ್ಳಬೇಕು. ಕಚೇರಿಯವರು ‘ಆಯ್ತು, ನಾಳೆ ಹಾಕ್ತೀವಿ’ ಎಂದರೆ ಎದ್ದು ಬರಬೇಡಿ. ಕೆಇಎ ಪೋರ್ಟಲ್‌ನಲ್ಲಿ ಸೇರಿದ್ದಾರೆ ಎಂದು ಅವರು ದಾಖಲಿಸುವುದನ್ನು ಕಣ್ಣಾರೆ ನೋಡಿ, ಸಹಿ ಸೀಲು ಇರುವ ರಸೀದಿ ಪಡೆದು, ಅಲ್ಲಿಯೇ ಫೋಟೊ ತೆಗೆದುಕೊಳ್ಳಿ.