ಇಲಾಖೆ ಡೇಟಾ ದೇಶ ಬಿಟ್ಟು ಹೋಗದ ಹಾಗೆ ನೋಡ್ಕೊಳ್ಳೋದು ಹೇಗೆ?

ಚಿಕ್ಕಮಗಳೂರು, ಹಾಸನದ ಕಡೆ ಸಣ್ಣ ಸಾಫ್ಟ್‌ವೇರ್ ಕೆಲಸ ಮಾಡೋ ನಮ್ಮಂಥವ್ರು ಸರ್ಕಾರಿ ಇಲಾಖೆ ಟೆಂಡರ್ ಬಂದಾಗ ಇಎಂಡಿ (ಟೆಂಡರ್ ಜೊತೆ ಕಟ್ಟೋ ಠೇವಣಿ) ಎಷ್ಟು, ಬಿಲ್ ಯಾವಾಗ ಪಾಸಾಗುತ್ತೆ ಅಂತ ಎರಡೆರಡು ಸಲ ನೋಡ್ತೀವಿ, 'ಡೇಟಾ ಭಾರತದೊಳಗೇ ಇರತಕ್ಕದ್ದು' ಅನ್ನೋ ಸಾಲು ಮಾತ್ರ ಓದದೇ ಸೀಲ್ ಹೊಡೆದು ಕೊಟ್ಬಿಡ್ತೀವಿ.

ಮೊದಲು ಆ ಸಾಲನ್ನ ಪೂರ್ತಿ ಓದಿ. ರಾಜ್ಯ ಸರ್ಕಾರದ್ದೇ ಆದ ಸ್ಟೇಟ್ ಡೇಟಾ ಸೆಂಟರ್‌ನಲ್ಲೇ ಇಡಿ ಅಂದಿದಾರಾ, ಇಲ್ಲಾ ಕೇಂದ್ರ ಐಟಿ ಸಚಿವಾಲಯ ಎಂಪ್ಯಾನೆಲ್ ಮಾಡಿರೋ (ಒಪ್ಪಿದವರ ಪಟ್ಟಿಗೆ ಸೇರಿಸಿರೋ) ಕ್ಲೌಡ್, ಅಂದ್ರೆ ಕಂಪನಿಗಳ ಬಾಡಿಗೆ ಸರ್ವರ್ ಸಾಕಾ? ಎರಡನೇದಾದ್ರೆ ಕಂಪನಿ ಹೆಸರು ಪಟ್ಟಿಯಲ್ಲಿದೆ ಅಂತ ಸುಮ್ನಾಗ್ಬೇಡಿ, ನೀವು ತಗೊಳ್ತಿರೋ ಸರ್ವಿಸು, ಡೇಟಾ ಸೆಂಟರು ಎರಡೂ ಅದರಲ್ಲಿವೆಯಾ ನೋಡಿ.

ಆಮೇಲೆ ಸರ್ವರ್. ಅಮೆಜಾನ್ ಕ್ಲೌಡಲ್ಲಿ ಬಲಗಡೆ ಮೇಲೆ ರೀಜನ್, ಅಂದ್ರೆ ಸರ್ವರ್ ಇರೋ ಜಾಗದ ಹೆಸರಿರುತ್ತೆ, ಹೊಸ ಅಕೌಂಟಲ್ಲಿ ಅಮೆರಿಕದ್ದೇ ಯಾವುದಾದ್ರೂ ಇರಬಹುದು, ಅದನ್ನ ಮುಂಬೈ ಅಥವಾ ಹೈದರಾಬಾದ್‌ಗೆ ಬದಲಾಯಿಸಿಕೊಂಡೇ ಮುಂದಿನ ಕ್ಲಿಕ್ ಮಾಡಿ. ಗೂಗಲ್‌ನಲ್ಲಾದ್ರೆ ಮುಂಬೈ, ದೆಹಲಿ.

ಇಷ್ಟಾದ್ರೆ ಮುಗೀತು ಅಂದ್ಕೋತಾರೆ, ನಿಜವಾಗಿ ಸೋರೋದು ಬೇರೆ ಕಡೆ. ನಮ್ಮಲ್ಲೇ ಒಂದು ಸಲ ಸರ್ವರ್ ಮುಂಬೈನಲ್ಲಿತ್ತು, ರಾತ್ರಿ ಎರಡು ಗಂಟೆ ಬ್ಯಾಕಪ್ ಮಾತ್ರ ಸಿಂಗಾಪುರಕ್ಕೆ ಹೋಗ್ತಿತ್ತು, ಹಳೇ ಪ್ರಾಜೆಕ್ಟಿನ ಸ್ಕ್ರಿಪ್ಟನ್ನ ಹಾಗೇ ಕಾಪಿ ಮಾಡಿದ್ವಿ, ಫಲಾನುಭವಿಗಳ ಹೆಸರು, ಬ್ಯಾಂಕ್ ಖಾತೆ ನಂಬರ್ ಎಲ್ಲ ಏಳು ತಿಂಗಳು ಅಲ್ಲಿ ಕೂತಿತ್ತು. ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ತೊಳಸುತ್ತೆ. ಅದಕ್ಕೇ ಬ್ಯಾಕಪ್, ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕಿನ ನಕಲು), ಎರರ್ ರಿಪೋರ್ಟ್ ಕಳಿಸೋ ಟೂಲು, ಒಂದೊಂದರ ಸೆಟ್ಟಿಂಗ್ಸ್ ತೆಗೆದು ಎಲ್ಲಿಗೆ ಹೋಗ್ತಿದೆ ಅಂತ ಕಣ್ಣಾರೆ ನೋಡಿ. ಮೂಡಿಗೆರೆ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಇರಲ್ಲ, ಆಪರೇಟರ್ ಪಾಪ ಆಧಾರ್ ಫೋಟೋನ ವಾಟ್ಸಾಪಲ್ಲಿ ಹಾಕ್ತಾನೆ, ಇಲ್ಲಾಂದ್ರೆ ಸ್ವಂತ ಜಿಮೇಲ್‌ನ ಶೀಟಲ್ಲಿ ತುಂಬ್ತಾನೆ, ಆ ಫ್ರೀ ಅಕೌಂಟಲ್ಲಿ ಡೇಟಾ ಯಾವ ದೇಶದಲ್ಲಿರಬೇಕು ಅಂತ ನಾವು ಆರಿಸೋಕೆ ಆಗಲ್ಲ. ಅವನನ್ನ ಬೈದು ಉಪಯೋಗ ಇಲ್ಲ, ನೆಟ್ ಇಲ್ಲದಾಗ ಫೋನಲ್ಲೇ ಉಳಿದು ಆಮೇಲೆ ಸರ್ವರ್‌ಗೆ ಹೋಗೋ ಥರ ಆಪ್ ಮಾಡಿಕೊಡಿ.

2023ರ ಡೇಟಾ ಸಂರಕ್ಷಣೆ ಕಾಯ್ದೆ ಹೊರಗೆ ಕಳಿಸಬೇಡಿ ಅಂತ ಹೇಳೇ ಇಲ್ವಲ್ಲ ಅಂತ ಕೆಲವ್ರು ವಾದ ಮಾಡ್ತಾರೆ. ಸರಿ, ಕೇಂದ್ರ ನಿರ್ಬಂಧ ಹಾಕಿದ ದೇಶ ಬಿಟ್ಟು ಬೇರೆ ಕಡೆ ಕಳಿಸೋಕೆ ಆ ಕಾಯ್ದೆ ಬಿಡುತ್ತೆ, ಆದ್ರೆ ನೀವು ಸಹಿ ಹಾಕಿದ ಕರಾರು ಅದರಿಂದ ಸಡಿಲ ಆಗಲ್ಲ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶನೂ ಇದೆ, ಲಾಗ್ (ಸರ್ವರ್‌ನಲ್ಲಿ ನಡೆದದ್ದರ ದಾಖಲೆ) 180 ದಿನ ಇಡಬೇಕು, ಹ್ಯಾಕ್ ಆದದ್ದು ಗೊತ್ತಾದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು.

ಕೊನೇಗೆ ಒಂದು ಹಾಳೆಯಲ್ಲಿ ಯಾವ ಡೇಟಾ, ಯಾವ ಊರಲ್ಲಿ, ಯಾರ ಕೈಗೆ ಪಾಸ್‌ವರ್ಡ್ ಅಂತ ಬರೆದು ಇಲಾಖೆಗೆ ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿ ಹಾಕಿಸ್ಕೊಳಿ.