ಎಲೆಗೆ ಆರ್‌ಎನ್‌ಎ ತಲುಪಿಸುವ ಜೇಡಿಮಣ್ಣು: ಕೆಡದಂತೆ ತಯಾರಿಸುವುದು ಹೇಗೆ?

ಗಿಡಕ್ಕೆ ವೈರಸ್ ತಗುಲದಂತೆ, ಆ ವೈರಸ್ಸಿನ ಆರ್‌ಎನ್‌ಎಗೆ ಹೊಂದುವ ಎರಡೆಳೆಯ ಆರ್‌ಎನ್‌ಎಯನ್ನು ಬರೀ ನೀರಲ್ಲಿ ಕಲಸಿ ಎಲೆಗೆ ಹೊಡೆದರೆ ಅದು ಜಾಸ್ತಿ ದಿನ ಬಾಳುವುದಿಲ್ಲ. ಬಿಸಿಲು, ಕಿಣ್ವ, ಮಳೆ ಮೂರೂ ಸೇರಿ ಮುಗಿಸಿಬಿಡುತ್ತವೆ. ಅದನ್ನೇ ನ್ಯಾನೊ ಗಾತ್ರದ ಜೇಡಿಹಾಳೆಗಳಿಗೆ ಅಂಟಿಸಿ ಸಿಂಪಡಿಸಿದರೆ, ಒಂದೇ ಸಲದ ಸಿಂಪಡಣೆ 20 ದಿನ ವೈರಸ್ ತಡೆಯುತ್ತದೆ ಅಂತ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ನೀನಾ ಮಿಟರ್ ಅವರ ತಂಡ 2017ರಲ್ಲಿ ತೋರಿಸಿತು. ಹೆಸರು ಬಯೋಕ್ಲೇ. ಇದರಿಂದ ಗಿಡದ ಜೀನ್ ಬದಲಾಗುವುದಿಲ್ಲ. ಒಳಗೆ ಹೋದ ಆರ್‌ಎನ್‌ಎಯನ್ನು ಜೀವಕೋಶವೇ ಚೂರು ಮಾಡುತ್ತದೆ. ಆ ಚೂರುಗಳ ಗುರುತು ಹಿಡಿದು ವೈರಸ್ಸಿನ ಆರ್‌ಎನ್‌ಎಯನ್ನೂ ಕತ್ತರಿಸುತ್ತದೆ.

ಹೊಸಬರು ಇದನ್ನು ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಡುವುದು ಜೇಡಿ ತಯಾರಿಸುವಾಗ, ಗೊತ್ತಾಗುವುದು ಎಲೆ ಮೇಲೆ ಮಚ್ಚೆ ಎದ್ದಾಗ.

1. ಆರ್‌ಎನ್‌ಎ. ಕಿಟ್‌ನಿಂದ ಮಾಡಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ನಿಮ್ಮಿಷ್ಟ. ಶುದ್ಧವಾಗಿರಲಿ, ಅಷ್ಟೇ.

2. ಜೇಡಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮೆಗ್ನೀಷಿಯಂ ಹೈಡ್ರಾಕ್ಸೈಡ್ ಹಾಳೆಯಲ್ಲಿ ಅಲ್ಲಲ್ಲಿ ಮೆಗ್ನೀಷಿಯಂ ಜಾಗಕ್ಕೆ ಅಲ್ಯುಮಿನಿಯಂ ಬಂದು ಕೂತರೆ ಹಾಳೆಗೆ ಧನ ವಿದ್ಯುದಾವೇಶ ಬರುತ್ತದೆ. ಆರ್‌ಎನ್‌ಎಯದು ಋಣ. ಹಾಗಾಗಿ ಎರಡೂ ಅಂಟಿಕೊಳ್ಳುತ್ತವೆ. ಆದರೆ ಆರ್‌ಎನ್‌ಎ ಬರುವ ಮೊದಲು ಆ ಜಾಗದಲ್ಲಿ ಬೇರೇನೋ ಕೂತಿರುತ್ತದಲ್ವಾ? ಕ್ಲೋರೈಡ್ ಆದರೆ ಸುಲಭವಾಗಿ ಎದ್ದು ಹೋಗುತ್ತದೆ. ಕಾರ್ಬೊನೇಟ್ ಕೂತರೆ ಏಳುವ ಮಾತೇ ಇಲ್ಲ. ಈ ಕಾರ್ಬೊನೇಟ್ ಬರುವುದು ಗಾಳಿಯಿಂದ. ಕ್ಷಾರದ ನೀರು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಸುಮ್ನೆ ಹೀರಿಕೊಳ್ಳುತ್ತಲೇ ಇರುತ್ತದೆ.

ಅದಕ್ಕೇ ಅಯಾನು ತೆಗೆದ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಳ ಹಾಕಿಯೇ ಆರಿಸಿ. ನೈಟ್ರೋಜನ್ ಸಿಲಿಂಡರ್ ಇದ್ದರೆ ಅದರ ಗುಳ್ಳೆ ಹಾಯಿಸುತ್ತಾ ಕೆಲಸ ಮಾಡಿ. ಕಾಸ್ಟಿಕ್ ಸೋಡಾ ಹೊಸ ಡಬ್ಬಿಯದೇ ಬೇಕು. ಹಳೇ ಡಬ್ಬಿಯ ಗುಂಡುಗಳ ಮೇಲೆ ಬಿಳೀ ಪುಡಿ ಕಟ್ಟಿದ್ದರೆ ಅದು ಆಗಲೇ ಕಾರ್ಬೊನೇಟ್. ಎಸೆಯುವುದಕ್ಕೆ ಮನಸ್ಸು ಬರುವುದಿಲ್ಲ, ಆದರೂ ಈ ಕೆಲಸಕ್ಕೆ ಬಳಸಬೇಡಿ. ಕೈಗವಸು, ಕನ್ನಡಕ ಮರೆಯಬೇಡಿ.

2 ಅಥವಾ 3 ಪಾಲು ಮೆಗ್ನೀಷಿಯಂ ಕ್ಲೋರೈಡ್, 1 ಪಾಲು ಅಲ್ಯುಮಿನಿಯಂ ಕ್ಲೋರೈಡ್. ಪಾಲು ಅಂದರೆ ಮೋಲ್ ಲೆಕ್ಕ, ಗ್ರಾಂ ಅಲ್ಲ. ಇವೆರಡರ ದ್ರಾವಣವನ್ನು ಜೋರಾಗಿ ತಿರುಗುತ್ತಿರುವ ಕಾಸ್ಟಿಕ್ ದ್ರಾವಣಕ್ಕೆ ಒಂದೇ ಸಲ ಸುರಿಯಿರಿ. ಹನಿಹನಿಯಾಗಿ ಹಾಕಿದರೆ ಹಾಳೆಗಳು ಒಂದೊಂದು ಗಾತ್ರಕ್ಕೆ ಬೆಳೆಯುತ್ತವೆ. ಹತ್ತು ನಿಮಿಷದಲ್ಲಿ ಹಾಲಿನಂಥ ಗಸಿ ಬರುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಎರಡು ಸಲ ತೊಳೆದು, ಕುದಿಸಿ ಆರಿಸಿದ ನೀರಲ್ಲೇ ಕದಡಿ. ಟೆಫ್ಲಾನ್ ಒಳಪದರದ ಆಟೊಕ್ಲೇವ್‌ನಲ್ಲಿ ಬಿಗಿಯಾಗಿ ಮುಚ್ಚಿ 100 ಡಿಗ್ರಿಯಲ್ಲಿ 16 ಗಂಟೆ ಇಡಿ. ಹೊರಗೆ ಬಂದಾಗ ಹಾಲು ತಿಳಿಯಾಗಿ, ಬೆಳಕಿಗೆ ಹಿಡಿದರೆ ತುಸು ನೀಲಿ ಛಾಯೆ ಕಾಣಬೇಕು. ತಳದಲ್ಲಿ ಸುಣ್ಣದಂತೆ ಕೂತಿದ್ದರೆ ಇನ್ನೊಂದು ಸಲ ಮಾಡಿ.

ಒಣಗಿಸಿ ಪುಡಿ ಮಾಡಿಟ್ಟರೆ ಅನುಕೂಲ ಅಂತ ಕೆಲವರು ಹೇಳುತ್ತಾರೆ. ಬೇಡ. ಒಮ್ಮೆ ಒಣಗಿದ ಹಾಳೆಗಳು ಒಂದಕ್ಕೊಂದು ಅಂಟಿ ಹೆಂಟೆಯಾಗುತ್ತವೆ. ಆಮೇಲೆ ಎಷ್ಟು ಕಲಕಿದರೂ ಮೊದಲಿನಂತೆ ಬಿಡಿಯಾಗುವುದಿಲ್ಲ. ನಾನೇ ಹಾಗೆ ಒಂದು ಬ್ಯಾಚ್ ಪೂರ್ತಿ ಕಳೆದುಕೊಂಡಿದ್ದೇನೆ. ಬಾಟಲಿಯ ಕತ್ತಿನವರೆಗೆ ತುಂಬಿ, ಮುಚ್ಚಿಡಿ.

3. ಅಂಟಿಸುವುದು. ಆರ್‌ಎನ್‌ಎ ಒಂದು ಪಾಲು, ಜೇಡಿ ಒಂದು, ಎರಡು, ಮೂರು, ನಾಲ್ಕು ಪಾಲು ಅಂತ ತೂಕದ ಲೆಕ್ಕದಲ್ಲಿ ಬೇರೆ ಬೇರೆ ಟ್ಯೂಬ್ ಮಾಡಿ. ಅರ್ಧ ಗಂಟೆ ಮೆಲ್ಲಗೆ ಅಲುಗಾಡಿಸಿ ಅಗರೋಸ್ ಜೆಲ್‌ನಲ್ಲಿ (ಕರೆಂಟ್ ಹಾಯಿಸಿ ಆರ್‌ಎನ್‌ಎಯನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್) ಓಡಿಸಿ. ಅಂಟಿದ ಆರ್‌ಎನ್‌ಎ ಜೆಲ್‌ನಲ್ಲಿ ನೀವು ಅದನ್ನು ಹಾಕಿದ ಗುಂಡಿಯಲ್ಲೇ ಉಳಿಯುತ್ತದೆ, ಅಂಟದೇ ಇದ್ದದ್ದು ಕೆಳಗೆ ಓಡಿ ಪಟ್ಟಿಯಾಗಿ ಕಾಣುತ್ತದೆ. ಪಟ್ಟಿ ಪೂರ್ತಿ ಮಾಯವಾದ ಮೊದಲ ಅನುಪಾತವೇ ನಿಮ್ಮದು.

ಪಟ್ಟಿ ಮಾಯವಾಯಿತು ಅಂತ ಕುಣಿಯುವವರು ಜಾಸ್ತಿ. ಆದರೆ ಬೆವರು ಕೈಯಿಂದ ಬಂದ ಕಿಣ್ವ ಆರ್‌ಎನ್‌ಎಯನ್ನು ತಿಂದುಹಾಕಿದರೂ ಪಟ್ಟಿ ಮಾಯವಾಗುತ್ತದೆ! ಹಾಗಾಗಿ ಮೊದಲು ಗುಂಡಿಯಲ್ಲಿ ಹೊಳಪಿದೆಯಾ ನೋಡಿ. ಆಮೇಲೆ ಅದೇ ಟ್ಯೂಬಿನಿಂದ ಸ್ವಲ್ಪ ತೆಗೆದು, ಪಿಎಚ್ 3ರ ಸಿಟ್ರಿಕ್ ಆಮ್ಲದ ಬಫರ್ ಹಾಕಿ. ಜೇಡಿ ಕರಗಿ ದ್ರಾವಣ ತಿಳಿಯಾಗುತ್ತದೆ. ಮತ್ತೆ ಜೆಲ್ ಓಡಿಸಿ. ಪಟ್ಟಿ ಅದೇ ಎತ್ತರದಲ್ಲಿ ವಾಪಸ್ ಬಂದರೆ ಮಾತ್ರ ನಂಬಿ.

4. ಸಿಂಪಡಣೆ. ಎಲೆಯ ಎರಡೂ ಬದಿಗೆ, ಮಂಜಿನಂತೆ, ನೀರು ಇಳಿಯದ ಹಾಗೆ. ನಲ್ಲಿ ನೀರಲ್ಲಿ ತೆಳು ಮಾಡಬೇಡಿ, ಅದರಲ್ಲೂ ಕಾರ್ಬೊನೇಟ್ ಕುಟುಂಬದವರಿದ್ದಾರೆ. ತಮಾಷೆ ಅಂದರೆ, ಫ್ಲಾಸ್ಕಿನಲ್ಲಿ ಅಷ್ಟು ಕಾಟ ಕೊಟ್ಟ ಗಾಳಿಯೇ ಎಲೆ ಮೇಲೆ ಕೆಲಸಕ್ಕೆ ಬರುತ್ತದೆ. ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿ ಜೇಡಿಯನ್ನು ನಿಧಾನವಾಗಿ ಕರಗಿಸುತ್ತವೆ, ಆರ್‌ಎನ್‌ಎ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ.

ಇದರ ಪಕ್ಕದಲ್ಲೇ ಬರೀ ನೀರು, ಬರೀ ಜೇಡಿ, ಬರೀ ಆರ್‌ಎನ್‌ಎ ಹೊಡೆದ ಗಿಡಗಳೂ ಇರಲಿ. ಆಮೇಲೆ ಎಲ್ಲಕ್ಕೂ ಒಂದೇ ದಿನ ವೈರಸ್ ಹಚ್ಚಿ. ಮಚ್ಚೆ ಎಣಿಸುವ ಕೆಲಸವನ್ನು ಯಾವ ಕುಂಡಕ್ಕೆ ಏನು ಹೊಡೆದಿದ್ದು ಅಂತ ಗೊತ್ತಿಲ್ಲದವರಿಗೆ ಕೊಡಿ.